ಕಡೆಯ ಅರ್ಧ ತಾಸು

ನಮ್ಮವ್ವ ದೇವರಿಗೆ ನೀರಿನಲ್ಲೂ ದಶಮಾಂಶ ಕೊಡುತ್ತಿದ್ದಳು. ಅದನ್ನು ಕುಡಿಯುತ್ತಿದ್ದದ್ದು ಮಾತ್ರ ಕೆಳಗಿನ ಹೊಲದ ಆಸಾಮಿಯ ಬೆಳೆ. ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ರಾಯಬಾಗ ತಾಲೂಕಿನಲ್ಲಿ ನಮ್ಮದು ಎರಡೆಕರೆ ಕಬ್ಬು. ನೀರು ಐದು ಮನೆಗಳ ಕೂಡುಬಾವಿಯದು. ನಮ್ಮ ಪಾಳಿ ಶನಿವಾರ, ಹನ್ನೆರಡರಿಂದ ಐದರ ತನಕ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗ ಅವ್ವ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಟ್ಟೇ ಕೊಡುತ್ತಿದ್ದಳು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಿಲ್ಲು ವರ್ಷಕ್ಕೊಮ್ಮೆ, ನೀರು ವಾರವಾರ. ವಾರವಾರ ಬರುವುದರಲ್ಲಿ ದೇವರ ಪಾಲು ಎಲ್ಲಿ ಎಂದು ಸಭಾಪಾಲಕರನ್ನೇ ಕೇಳಿದಳು. ಅವರು ನಕ್ಕು, ಚರ್ಚಿಗೆ ಹೊಲವಿಲ್ಲವಲ್ಲ, ನೀರಿಲ್ಲದ ಕಡೆ ಬಿಡಿ ಎಂದರಂತೆ. ಅವರು ನಗೆಯಾಡಿದ್ದನ್ನು ಇವಳು ನಿಜ ಮಾಡಿದಳು. ಐದು ತಾಸಿನಲ್ಲಿ ಕಡೆಯ ಅರ್ಧ ತಾಸು, ಬದುವಿನ ಹುಲ್ಲಿನ ಮರೆಯಲ್ಲಿ ಒಂದು ಗೇಣು ಬಾಯಿ ಬಿಚ್ಚಿ, ಯಾರಿಗೂ ಒಂದು ಮಾತು ಹೇಳದೆ ಬಾವಿಯಲ್ಲಿ ಪಾಲಿಲ್ಲದ ಕೆಳಗಿನ ಹೊಲಕ್ಕೆ ಹರಿಬಿಡತೊಡಗಿದಳು. ನಮ್ಮ ಕಡೆಯ ಸಾಲುಗಳು ತುದಿ ಒಣಗಿ ಗಿಡ್ಡಾಗಿ ನಿಂತವು.

ಯಾರ ಹೊಲ ಅದು? ಅಪ್ಪ ತೀರಿಕೊಂಡ ದಿನ ಶವಪೆಟ್ಟಿಗೆಗೆ ದಾರಿ ಕೊಡದವನ ಹೊಲ. ಗೋವಿನಜೋಳ ತುಳಿದು ಹಾಳು ಮಾಡುತ್ತೀರಿ ಎಂದು ಅಡ್ಡ ನಿಂತಿದ್ದ. ಕಾಲುವೆಯ ದಂಡೆ ಸುತ್ತಿ, ಮೊಣಕಾಲುದ್ದ ಕೆಸರಿನಲ್ಲಿ ಅಪ್ಪನನ್ನು ಹೊತ್ತೊಯ್ದರು.

ಹಿರಿಮಗಳು ನಾನು, ಚಿಕ್ಕೋಡಿಯ ಶಾಲೆಯಲ್ಲಿ ಕಲಿಸುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಊರಿಗೆ ಬರುತ್ತೇನೆ. ಹಾಗೆ ಬಂದ ಒಂದು ದಿನ, ನೀರು ಅತ್ತ ಇಳಿಯುವುದನ್ನು ನೋಡಿ ತಡೆಯಲಾಗದೆ ಜಗಳಕ್ಕೇ ನಿಂತೆ.

“ಅಪ್ಪನ ಹೆಣಕ್ಕ ದಾರಿ ಕೊಡಲಿಲ್ಲ ಅಂವ. ಅವಗ ನೀರ ಕೊಡ್ತಿಯಲ್ಲ, ನಿನಗೇನೂ ಅನಸೂದಿಲ್ಲೇನ?”

“ನಾ ಅವಗೆಲ್ಲಿ ಕೊಟ್ಟೀನಿ? ದೇವರ ಪಾಲು ದೇವರಿಗೆ ಬಿಟ್ಟೀನಿ. ಯಾರಿಗೆ ಕುಡಸಬೇಕು ಅನ್ನೂದು ಆತನ ಕೆಲಸ.”

ಒಣಗಿದ ಸಾಲು ತೋರಿಸಿದೆ. ಉಳಿದ ಒಂಬತ್ತು ಪಾಲಿನಲ್ಲೇ ಆತ ಸಾಕುತ್ತಾನೆ ಎಂದಳು. ನಂಬಿಕೆಯಂತೆ, ನಂಬಿಕೆ! ನನಗದು ಶುದ್ಧ ಹುಚ್ಚು ಅನ್ನಿಸಿತು, ಬಾಯಿಬಿಟ್ಟೇ ಅಂದೆ. ಅವ್ವ ಸಲಿಕೆ ತೊಳೆದುಕೊಂಡು ಮನೆಗೆ ನಡೆದಳು.

ಈ ಬೇಸಿಗೆಯಲ್ಲಿ ಅವ್ವನ ಮೊಣಕಾಲಿನ ಆಪರೇಷನ್ ಆಯಿತು. ನಿಪ್ಪಾಣಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಮಲಗಿದಳು. ಪಾಳಿ ನನ್ನ ಹೆಗಲಿಗೆ ಬಿತ್ತು. ಹೋಗುವಾಗ ಹೇಳಿದ್ದು ಒಂದೇ ಮಾತು, ನಾಲ್ಕೂವರೆಗೆ ಬದುವಿನ ಬಾಯಿ ಬಿಚ್ಚು ಎಂದು. ಮೊದಲ ಶನಿವಾರ ನಾನು ಬಿಚ್ಚಲಿಲ್ಲ. ಅಷ್ಟೇ ಅಲ್ಲ, ಗೋಣಿಚೀಲಕ್ಕೆ ಮಣ್ಣು ತುಂಬಿ ಅಲ್ಲಿ ಒತ್ತಿಟ್ಟು, ಮೇಲೆ ನಿಂತು ತುಳಿದೆ. ಐದಕ್ಕೆ ಫೋನು ಬಂತು. ಬಿಟ್ಟೆ ಅಂದೆ. ಅವ್ವ ದೇವರಿಗೆ ಸ್ತೋತ್ರ ಹೇಳಿ ಫೋನು ಇಟ್ಟಳು.

ಮುಂದಿನ ಶನಿವಾರ ನಾಲ್ಕರ ಹೊತ್ತಿಗೆ ಕೆಳಗಿನ ಹೊಲದವನು ಬದುವಿಗೆ ಬಂದ. ಬಾ ಮಗನೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಸಲಿಕೆ ಗಟ್ಟಿ ಹಿಡಿದೆ. ವರ್ಷಗಟ್ಟಲೆ ಕೂಡಿಟ್ಟ ಬೈಗುಳ ನಾಲಗೆಯ ತುದಿಯಲ್ಲೇ ಇದ್ದವು. ಅವನು ಚೀಲ ನೋಡಿದ, ನನ್ನ ಮುಖ ನೋಡಲಿಲ್ಲ.

“ನಿಮ್ಮವ್ವಗ ಗೊತ್ತಾತೇನ ತಂಗಿ?”

ಏನು ಗೊತ್ತಾಗಬೇಕು ಎಂದೆ. ತಡವರಿಸುತ್ತ ಹೇಳಿದ. ಮೂರು ವರ್ಷದಿಂದ ನಮ್ಮ ಬದು ಸೋರುತ್ತದೆ ಎಂದೇ ಅವನು ತಿಳಿದಿದ್ದ. ಹೇಳಿದರೆ ಮುಚ್ಚಿಬಿಡುತ್ತಾರೆಂದು ತೆಪ್ಪಗಿದ್ದು ನೀರು ಕದ್ದಿದ್ದ. ಈಗ ಅವ್ವ ಕಂಡುಹಿಡಿದು ಮುಚ್ಚಿಸಿದಳೆಂದುಕೊಂಡು ಬೈಸಿಕೊಳ್ಳಲು ಬಂದಿದ್ದ.

ಸಿಟ್ಟು ನೆತ್ತಿಗೇರಿತು. ಮೊದಲು ಅವನ ಮೇಲೆ, ಆಮೇಲೆ ಅವನೆದುರಿಗೇ ನನ್ನ ಮೇಲೆ. ಅವನು ಕದ್ದೆನೆಂದುಕೊಂಡ ನೀರನ್ನು ಅವ್ವ ಕೈಯಾರೆ ಬಿಟ್ಟಿದ್ದಳು. ನಿಜವಾಗಿ ಕದ್ದವಳು ನಾನು. ಅದೂ ದೇವರ ಪಾಲನ್ನು, ಅವ್ವನಿಗೆ ಸುಳ್ಳು ಹೇಳಿ.

“ಅವ್ವಗ ಮೊದಲಿಂದ ಗೊತ್ತೈತ್ರಿ,” ಎಂದೆ. “ಆಕೀನ ಬಿಡ್ತಿದ್ಲು. ಮುಚ್ಚಿದಾಕಿ ನಾನು.”

ಅವನು ಇದ್ದಲ್ಲೇ ಕುಕ್ಕರಿಸಿದ. ನಾನು ಅವನನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ. ಅಪ್ಪನ ಪೆಟ್ಟಿಗೆಯನ್ನು ನಾನು ಮರೆತಿಲ್ಲ. ಕೊಡುವವರು ಸಂತೋಷದಿಂದ ಕೊಡಬೇಕೆಂದು ಚರ್ಚಿನಲ್ಲಿ ಹೇಳುತ್ತಾರೆ. ನಾನು ಹಲ್ಲು ಕಚ್ಚಿ ಚೀಲವನ್ನು ಒದ್ದು ತೆಗೆದೆ. ನೀರು ಅವನ ಗೋವಿನಜೋಳದ ಸಾಲಿಗೆ ಇಳಿಯಿತು.

ಐದಕ್ಕೆ ಸರಿಯಾಗಿ ಅವ್ವನ ಫೋನು ಬಂತು. ಬಿಟ್ಟೆಯಾ ಎಂದು ಕೇಳಿದಳು.

“ನಾಕಕ್ಕ ಬಿಟ್ಟೆ ಅವ್ವಾ,” ಎಂದೆ. “ಹೋದ ಶನಿವಾರದ್ದೂ ಸೇರಿಸಿ.”