ಮನೆಯ ಕಡೆ ಮೂತಿ ಮಾಡಿದ ದೋಣಿ

ಕಾಮೋಠೆಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಸರಳುಗಳಿಗೆ ನಿನ್ನೆ ಆಯಿಲ್ ಪೇಂಟ್ ಹಚ್ಚಿದರು. ಟರ್ಪೆಂಟೈನಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಅದರ ಹಿಂದೆಯೇ, ಎಲ್ಲೂ ಇಲ್ಲದ ಒಣ ಬೊಂಬಿಲ್ ಮೀನಿನ ವಾಸನೆಯೂ ಬಂತು. ನಿಮಗೂ ಇಂಥದೊಂದು ವಾಸನೆ ಇರಬಹುದು. ನನಗೆ ಇವೆರಡೂ ಸೇರಿದರೆ ಆಯಿಯ ಮನೆ. ವಾಶಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪ, ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ದಂಡೆಯ ಮೀನುಗಾರರ ಕೇರಿಯಲ್ಲಿ, ಎಲ್ಲರೂ ಆಯಿ ಎನ್ನುತ್ತಿದ್ದ ಮೀನು ಮಾರುವವಳ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಪಕ್ಕದ ಖೋಲಿಯಲ್ಲಿ ಮಲ್ಪೆ ಕಡೆಯ ಗೋಪಾಲಮಾಮ ಇದ್ದರು. ನೀರಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ಮೀನಿಗೆ ಹೊರಡುವ ನಾರಳಿ ಹುಣ್ಣಿಮೆಗೆ ಮೊದಲು ಅಲ್ಲಿನ ದೋಣಿಗಳೆಲ್ಲ ಅವರ ಕುಂಚದಲ್ಲಿ ಹೊಸದಾಗುತ್ತಿದ್ದವು. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಅವರು ಚೆಲ್ಲುತ್ತಿರಲಿಲ್ಲ. ಮುಚ್ಚಳದ ಮೇಲೆ ದೋಣಿಯ ಹೆಸರು ಬರೆದು ತೆಗೆದಿಡುತ್ತಿದ್ದರು. ದೋಣಿ ಹಳತಾಗಿ ಸೌದೆಯಾದರೆ ಆ ಡಬ್ಬಿ ತೆರೆದು, ಜೆಟ್ಟಿಯ ದಾರಿಯ ಉದ್ದ ಗೋಡೆಯ ಮೇಲೆ ಅದರದೇ ಬಣ್ಣದಲ್ಲಿ ಆ ದೋಣಿಯ ಚಿತ್ರ ಬರೆಯುತ್ತಿದ್ದರು, ಮೂತಿ ಖಾಡಿಯ ಕಡೆಗೆ. ಹೋದದ್ದು ಹಿಂದಿರುಗದಿದ್ದರೆ ಮಾತ್ರ ಮೂತಿ ಮನೆಗಳ ಕಡೆಗೆ. ಅಂಥದ್ದು ಇದ್ದದ್ದು ಒಂದೇ: ಹಳದಿ ಪಟ್ಟಿಯ ಹಸಿರು ದೋಣಿ, ಆಯಿಯ ಗಂಡನದು.

ಬಿರುಗಾಳಿಗೆ ಸಿಕ್ಕ ಆತನೂ ದೋಣಿಯೂ ಮತ್ತೆ ಸಿಗಲಿಲ್ಲ. ಆಯಿ ಹಸಿರು ಬಳೆ ತೆಗೆಯಲಿಲ್ಲ. ತೆಗೆ ಎಂದ ನಾದಿನಿಗೆ ಗೋಡೆ ತೋರಿಸಿ, "ಯೇತೋಯ್ ನಾ ತೋ, ದಿಸತ್ ನಾಹೀ?" ಎಂದಿದ್ದಳಂತೆ. ಬರ್ತಾ ಇದ್ದಾನಲ್ಲ, ಕಾಣುವುದಿಲ್ಲವೇ ಎಂದು. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಹೋಗುವಾಗ ಆ ದೋಣಿಯನ್ನು ಬೈಯುತ್ತಿದ್ದಳು: ಇಷ್ಟು ತಡವಾಗಿ ತಂದರೆ ನಿನ್ನ ಮೀನನ್ನು ಬೆಕ್ಕೂ ಮೂಸುವುದಿಲ್ಲ.

ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಗೋಡೆಗಳನ್ನು ಚಂದ ಮಾಡಿಸುವ ಕಂತ್ರಾಟುದಾರನೊಬ್ಬ ಬಂದ. ಕೇರಿಯ ಹುಡುಗರು ಒಪ್ಪಿದರು; ನೋಡಲು ಬಂದವರು ಮೀನು ತಿನ್ನಲೂ ನಿಲ್ಲುತ್ತಾರೆಂಬ ಆಸೆ. ಗೋಪಾಲಮಾಮ ಜಗಳವಾಡಲಿಲ್ಲ. ಉಳಿದದ್ದೆಲ್ಲ ಅಳಿಸಿ, ಹಸಿರು ದೋಣಿಯೊಂದನ್ನು ಬಿಡಿ ಎಂದು ಕೇಳಿಕೊಂಡರು.

"ಅಂಕಲ್, ವೋ ತೋ ಅಪನಾ ಹೀರೋ ಹೈ," ಎಂದು ಆತ ಅವರ ಹೆಗಲು ತಟ್ಟಿದ.

ಮಾತಿಗೆ ತಪ್ಪಲಿಲ್ಲ. ಆ ದೋಣಿಯನ್ನು ಉಳಿಸಿದ, ದೊಡ್ಡದೂ ಮಾಡಿಸಿದ. ಸುತ್ತ ಗುಲಾಬಿ ಫ್ಲೆಮಿಂಗೋಗಳು, ಖಾಡಿಯ ತುದಿಯಲ್ಲಿ ಏಳುವ ಸೂರ್ಯ, ದೋಣಿಯಲ್ಲಿ ಹಲ್ಲು ಬಿಟ್ಟು ನಗುವ ಮೀನುಗಾರ. ಚಿತ್ರದಲ್ಲಿ ಎಲ್ಲವೂ ಸೂರ್ಯನ ಕಡೆಗೇ ಹೊರಟಿರಬೇಕಲ್ಲ, ದೋಣಿಯ ಮೂತಿಯನ್ನೂ ಖಾಡಿಯ ಕಡೆಗೆ ತಿರುಗಿಸಿದ್ದರು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಟ ನಾನು ಆಯಿಯ ಹಿಂದೆಯೇ ಇದ್ದೆ. ಅವಳು ಗೋಡೆಯ ಎದುರು ನಿಂತಳು. ಬೈಯಲಿಲ್ಲ.

"ಗೇಲಾ," ಎಂದಳು. ಹೋದ.

ಬುಟ್ಟಿ ಇಳಿಸಿ, ದಾರಿಯಲ್ಲೇ ಕುಳಿತು, ಬಳೆಗಳನ್ನು ಕಲ್ಲಿಗೆ ಕುಟ್ಟಿ ಒಡೆದಳು. ಗೋಪಾಲಮಾಮ ಹಳೆಯ ಡಬ್ಬಿ ಹಿಡಿದು ಓಡಿ ಬಂದರು. ತಳದಲ್ಲಿ ಒಣಗಿದ ಹಸಿರು ಸಿಪ್ಪೆ ಮಾತ್ರ ಇತ್ತು. ಹೊಸ ಡಬ್ಬಿ ತರುತ್ತೇನೆ, ಇವತ್ತೇ ತಿರುಗಿಸುತ್ತೇನೆ ಎಂದು ಅಂಗಲಾಚಿದರು. ಆಯಿ ತಲೆ ಎತ್ತಲಿಲ್ಲ. ಅಂಗಡಿಯ ಬಣ್ಣದಲ್ಲಿ ಬರುವುದು ಇನ್ಯಾರದೋ ದೋಣಿ, ನನ್ನ ಗಂಡನದಲ್ಲ ಎಂದಳು. ಗೋಪಾಲಮಾಮ ಆಮೇಲೆ ಬರೆದದ್ದು ಅಂಗಡಿಗಳ ಬೋರ್ಡು ಮಾತ್ರ.

ಆಯಿ ಈಗಿಲ್ಲ, ಮಾಮನೂ ಇಲ್ಲ. ನಾವಿದ್ದ ಕೋಣೆಯ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಗೋಡೆ ಇದೆ. ಭಾನುವಾರ ಜನ ಆ ಮೀನುಗಾರನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರತಿ ಮಳೆಗಾಲ ಮುಗಿದ ಮೇಲೆ ಯಾರೋ ಬಂದು ಅವನ ಹಲ್ಲುಗಳಿಗೆ ಹೊಸದಾಗಿ ಬಿಳಿ ಬಣ್ಣ ಹಚ್ಚಿ ಹೋಗುತ್ತಾರೆ.