ಕಟ್ಟೆಯ ಬೊಟ್ಟಿನ ಮೀನು

ನಮ್ಮೂರು ಭೇರ್ಯದ ಹತ್ತಿರ. ಊರ ಕಟ್ಟೆಗೆ, ಅಂದರೆ ನಮ್ಮ ಸಣ್ಣ ಕೆರೆಗೆ, ಕಳೆದ ಬೇಸಿಗೆಯಲ್ಲಿ ಕ್ಲೀನ್ ಮಾಡುವ ಹೆಸರಲ್ಲಿ ಮಾಡಿದ ಉಪಕಾರ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ಕಟ್ಟೆಯಲ್ಲಿ ಕಿರುಬೆರಳುದ್ದದ ಮೀನುಗಳಿದ್ದವು. ನೆತ್ತಿಯ ಮೇಲೆ ಬೆಳ್ಳಗೆ ಒಂದು ಚುಕ್ಕೆ. ನಮ್ಮ ಮನೆಯಲ್ಲಿ ಬೊಟ್ಟಿನ ಮೀನು ಅನ್ನುತ್ತಿದ್ದೆವು. ತಳಕ್ಕೆ ಇಳಿಯುವುದೇ ಅಪರೂಪ. ಅಂಚಿನ ಜೊಂಡಿನ ನೆರಳಲ್ಲಿ, ನೀರಿನ ಮೇಲ್ಗಡೆಯೇ ನಿಂತು ಸೊಳ್ಳೆಮರಿ ಹಿಡಿದು ತಿನ್ನುತ್ತಿದ್ದವು. ನಾವು ಮೀನು ತಿನ್ನುವ ಜನವಲ್ಲ, ತಿನ್ನುವವರೂ ಇದಕ್ಕೆ ಬಲೆ ಬೀಸುತ್ತಿರಲಿಲ್ಲ. ಆದರೆ ಊರಲ್ಲಿ ಯಾರೇ ಬಾವಿ ತೋಡಿಸಲಿ, ತೊಟ್ಟಿ ಕಟ್ಟಿಸಲಿ, ಕಟ್ಟೆಯಿಂದ ಒಂದು ಬಿಂದಿಗೆಯಲ್ಲಿ ನಾಲ್ಕಾರು ಮೀನು ತಂದು ಬಿಟ್ಟ ಮೇಲೆಯೇ ಆ ನೀರು ಬಳಕೆಗೆ.

ಆಗಷ್ಟೇ ನಾನು ತೋಟದಲ್ಲಿ ತೊಟ್ಟಿ ಕಟ್ಟಿಸಿದ್ದೆ. ಅವ್ವನಿಗೆ ಮಂಡಿನೋವು. "ಬಿಂದಿಗೆ ತಕೊಂಡೋಗಿ ನೀನೇ ತತ್ತಾ ಮಗ" ಅಂದಳು.

ಹೋಗಿ ನೋಡಿದರೆ ಜೊಂಡನ್ನೆಲ್ಲ ಜೆಸಿಬಿ ಬಾಚಿ ದಡಕ್ಕೆ ಎಸೆದಿದೆ. ಗುತ್ತಿಗೆದಾರನೊಬ್ಬ ನಿಂತು ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿಸುತ್ತಿದ್ದಾನೆ. ಬೊಟ್ಟಿನ ಮೀನುಗಳು ರಾಶಿರಾಶಿ ತೇಲುತ್ತಿದ್ದವು.

"ಏನ್ರೀ ಇದು ಅನ್ಯಾಯ?"

"ಸೊಳ್ಳೆ ಕಾಟ ಅಂತ ಊರೋರೇ ಕೇಳವ್ರೆ ಕಣ್ರೀ. ಕ್ಲೀನ್ ಮಾಡುಸ್ತಾ ಇವ್ನಿ."

"ಸೊಳ್ಳೆ ತಿನ್ನೋ ಮೀನ್ನೇ ಕೊಂದು ಸೊಳ್ಳೆ ಓಡುಸ್ತೀರಾ? ನಿಮ್ ಬುದ್ಧಿಗಿಷ್ಟು ಬೆಂಕಿ ಹಾಕ!"

"ಬೆರಳುದ್ದದ ಮೀನಿಗೆ ಇಷ್ಟೊಂದು ರಂಪ ಯಾಕ್ರೀ, ಬುಡಿ ಅತ್ಲಾಗೆ" ಎಂದು ನಕ್ಕ. ಆ ನಗು ನೋಡಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಕೋಡಿಯ ಪಕ್ಕದ ಗುಂಡಿಗೆ ಇನ್ನೂ ಪುಡಿ ತಲುಪಿರಲಿಲ್ಲ. ಮಂಡಿಯುದ್ದ ಕೆಸರಿಗಿಳಿದು, ಟವೆಲ್ಲಿನಲ್ಲಿ ಸೋಸಿ ಸೋಸಿ ಹನ್ನೊಂದು ಮೀನು ಹಿಡಿದೆ. ಅಷ್ಟೇ ಉಳಿದಿದ್ದದ್ದು. ಬಿಂದಿಗೆಯ ನೀರು ಬರೀ ರಾಡಿ. ಪಾಪ, ಇದರಲ್ಲಿ ಹೇಗೆ ಉಸಿರಾಡುತ್ತವೆ ಎಂದು ಬೀದಿ ನಲ್ಲಿಯ ಹತ್ತಿರ ರಾಡಿ ಬಸಿದು ತಿಳಿನೀರು ತುಂಬಿಸಿಕೊಂಡೆ. ಮನೆ ಮುಟ್ಟುವವರೆಗೂ ಆ ಗುತ್ತಿಗೆದಾರನ ಏಳು ತಲೆಮಾರಿಗೆ ಶಾಪ ಹಾಕುತ್ತಲೇ ನಡೆದೆ.

ಅವ್ವ ಬಿಂದಿಗೆಯೊಳಗೆ ಇಣುಕಿದಳು. ಹನ್ನೊಂದೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದಳು.

"ನಲ್ಲಿ ನೀರೇನ್ಲಾ ಇದು? ಇದ್ಕೂ ಅದೇ ಪುಡಿ ಆಕ್ತಾರೆ ಕಣೋ! ಕಟ್ಟೆ ನೀರಲ್ಲೇ ತರ್ಬೇಕು ಅನ್ನೋದು ಮರ್ತೋಯ್ತಾ ನಿಂಗೆ?"

ಗುತ್ತಿಗೆದಾರನಿಗೆ ಬೈದ ಒಂದು ಮಾತನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಕೊನೆಯ ಹನ್ನೊಂದನ್ನು ಕೊಂದವನು ಅವನಲ್ಲ.