ಗುಲಾಬಕ್ಕನನ್ನು ನಡೆಸಿದವನು ನಾನು

ಗುಲಾಬಕ್ಕ, ಅಂದು ನೀವು ಕೇಳಿದಾಗ ಮರುದಿನ ಬಸ್ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮಗೆ ಉಂಟು ಎಂದು ಹೇಳಿದೆ. ಅದು ಮೊದಲನೆಯ ತಪ್ಪು. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದು ನಿಮಗೆ ಇವತ್ತಿಗೂ ತಿಳಿಯದು. ಏಳು ವರ್ಷ ಅದನ್ನು ಹೊತ್ತುಕೊಂಡು ನಿಮ್ಮ ಎದುರು ನಗುತ್ತಾ ನಿಂತಿದ್ದೇನೆ. ಬರೆದು ಮುಗಿಸದೆ ಇವತ್ತು ಏಳುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳುತ್ತೇನೆ — ಓದುವ ಬೇರೆಯವರಿಗಾಗಿ. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸೊಂದರ ಕಂಡಕ್ಟರ್ ನಾನು, ಮೊದಲ ಟ್ರಿಪ್ಪಿನವನು. ಬಾಯಿ ಮುಚ್ಚದ ವಸಂತ ಎಂದರೆ ಆ ದಾರಿಯಲ್ಲಿ ಎಲ್ಲರಿಗೂ ಗೊತ್ತು. ವೇಣೂರಿನಲ್ಲಿ ತೆಗೆದ ಕತೆ ಮೂಡುಬಿದಿರೆಯಲ್ಲಿ ಮುಗಿಯುವುದು. ಅಜ್ಜಿಯ ಪಕ್ಕ ಕೂತು ಕಲಿತ ಮಾತು. ಆ ಮಾತಿಗಾಗಿಯೇ ಜನ ನನ್ನನ್ನು ನಂಬಿದರು. ನೀವು ವೇಣೂರು ದಾಟಿದ ಮೇಲಿನ ಮೋರಿಯ ಹತ್ತಿರ ಆರೂಕಾಲಿಗೆ ಹತ್ತುತ್ತಿದ್ದಿರಿ. ಏಳಕ್ಕೆ ಮೂಡುಬಿದಿರೆಯ ಆಚೆ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಾವಲಿಯ ಮುಂದೆ ಇರಬೇಕು — ಇನ್ನೂರು ಮಕ್ಕಳಿಗೆ ದೋಸೆ. ನೀವು ಅಲ್ಲಿ ಕೆಲಸಕ್ಕಿದ್ದ ಕಾರಣಕ್ಕೆ ನಿಮ್ಮ ಮಗಳು ರಮ್ಯಾಳಿಗೂ ಅಲ್ಲೇ ಊಟ, ಅಲ್ಲೇ ಒಂದು ಮಂಚ, ಓದಲು ಒಂದು ದೀಪ.

ಆ ತಿಂಗಳು ನೀವು ಎರಡು ಸಲ ತಡವಾಗಿದ್ದಿರಿ. ಎರಡೂ ಸಲ ನಮ್ಮ ಬಸ್ಸಿನಿಂದ. "ಮೂರನೇ ಸಲ ಆದ್ರೆ ಬರುವುದೇ ಬೇಡ ಅಂತ ಮ್ಯಾನೇಜರ್ ಹೇಳಿಬಿಟ್ರು ವಸಂತ" ಎಂದು ನನಗೆ ನೀವೇ ಹೇಳಿದ್ದಿರಿ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೆ ಇಲ್ಲ. ಎಲ್ಲವೂ ಗೊತ್ತಿತ್ತು.

ಪರೀಕ್ಷೆಯ ಕಾಲ, ಮಾರ್ಚ್ ತಿಂಗಳು. ಬಸ್ಸು ಸೈಡ್ ಕೊಡಲಿಲ್ಲವೆಂದು ಯಾರೋ ಕಾರಿನವರು ನಮ್ಮ ದಾರಿಯ ಡ್ರೈವರ್ ಒಬ್ಬನನ್ನು ಇಳಿಸಿ ಹೊಡೆದಿದ್ದರು. ಮೂರು ದಿನವಾದರೂ ಪೊಲೀಸರು ಹೊಡೆದವರನ್ನು ಹಿಡಿಯಲಿಲ್ಲ. ಆ ದಿನ ಮಧ್ಯಾಹ್ನ ನಾವು ಡ್ರೈವರ್ ಕಂಡಕ್ಟರುಗಳು ಏಳೆಂಟು ಜನ ಸೇರಿ ಮಾತಾಡಿ ಮುಗಿಸಿದೆವು — ನಾಳೆ ಬೆಳಿಗ್ಗೆಯಿಂದ ಒಂದು ಬಸ್ಸೂ ತೆಗೆಯುವುದಿಲ್ಲ. ಯಾರಿಗೂ ಹೇಳಬಾರದು. ಸುದ್ದಿ ಹೊರಗೆ ಹೋದರೆ ಬಾಡಿಗೆ ಜೀಪಿನವರು ಬೆಳಕು ಹರಿಯುವ ಮೊದಲೇ ಸಾಲು ನಿಲ್ಲುತ್ತಾರೆ, ಮುಷ್ಕರ ಅಲ್ಲಿಗೇ ಮುಗಿಯಿತು. ಹೇಳುವುದಿಲ್ಲ ಎಂದು ಒಬ್ಬರ ಕೈ ಮೇಲೆ ಒಬ್ಬರು ಕೈ ಇಟ್ಟೆವು. ಅದರಲ್ಲಿ ನನ್ನ ಕೈಯೂ ಇತ್ತು.

ಸಂಜೆ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ನೀವು ಬಸ್ಸಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟು ನಿಂತಿರಿ. ಹತ್ತಲಿಲ್ಲ.

"ವಸಂತ, ನಾಳೆ ಬಸ್ ಉಂಟಲ್ಲ? ಏನೋ ಗಲಾಟೆ ಅಂತ ಕೇಳಿದೆ. ಇಲ್ಲದಿದ್ರೆ ಈಗಲೇ ಹೇಳಿ ಮಾರಾಯ್ರೆ, ನಾನು ಹಾಸ್ಟೆಲಲ್ಲೇ ಮಲಗ್ತೇನೆ. ಸ್ಟೋರ್ ರೂಮಲ್ಲಿ ಚಾಪೆ ಉಂಟು. ನಾಳೆ ಮಕ್ಕಳಿಗೆ ಪರೀಕ್ಷೆ ಬೇರೆ."

ಇಷ್ಟು ಬಿಡಿಸಿ ಕೇಳಿದಿರಿ. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಆದರೆ ನಿಮ್ಮ ಹಿಂದೆ ಹತ್ತು ಜನ ನಿಂತಿದ್ದರು, ಮುಂದೆ ಸೀಟಿನಲ್ಲಿ ಡ್ರೈವರ್ — ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ಉಂಟು ಅಕ್ಕ. ನೀವು ಹತ್ತಿ. ನನ್ನ ಬಸ್ಸು ಬಾರದ ದಿನ ಸೂರ್ಯನೂ ರಜೆ ಹಾಕ್ತಾನೆ."

"ಹೌದೌದು! ನಿಮ್ಮ ಬಸ್ಸು ಮದುವೆ ದಿಬ್ಬಣದ ಹಾಗೆ, ಬರ್ತದೆ ಬರ್ತದೆ ಅಂತ ಊರೆಲ್ಲ ಕಾಯ್ಬೇಕು" ಎಂದು ನಗುತ್ತಾ ನೀವು ಹತ್ತಿದಿರಿ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಮ್ಮನ್ನು ಮೋರಿಯ ಹತ್ತಿರ ಇಳಿಸಿ ಸೀಟಿ ಊದಿದಾಗ — ಈಗ ಕೂಗಿ ಹೇಳಲೇ ಎಂದು ಒಮ್ಮೆ ಅನ್ನಿಸಿತು. ಬಸ್ ಮುಂದೆ ಹೋಗಿಯಾಗಿತ್ತು. ಮನೆಗೆ ಹೋದ ಮೇಲೆ ಫೋನ್ ಇತ್ತಲ್ಲ, ನಿಮ್ಮ ನಂಬರ್ ಇತ್ತಲ್ಲ — ಇತ್ತು. ಎರಡೂ ಇತ್ತು.

ಬೆಳಿಗ್ಗೆ ನಾವು ಹೊಸಂಗಡಿಯಲ್ಲಿ ರಸ್ತೆ ಬದಿಗೆ ನಿಂತಿದ್ದೆವು, ಬಾಡಿಗೆ ಗಾಡಿಗಳನ್ನು ತಡೆಯಲು. ಆರೂವರೆಯಿಂದ ನನ್ನ ಕಿಸೆಯಲ್ಲಿ ಫೋನ್ ನಡುಗತೊಡಗಿತು. ನಾಲ್ಕು ಸಲ. ನಾಲ್ಕು ಸಲವೂ ತೆಗೆದು ನೋಡಿದೆ, ನಾಲ್ಕು ಸಲವೂ ನಿಮ್ಮ ಹೆಸರು, ಎತ್ತಲಿಲ್ಲ. ಬಸ್ ಬಂದೇ ಬರುತ್ತದೆಂದು ನೀವು ಮೋರಿಯ ಹತ್ತಿರ ಅರ್ಧ ಗಂಟೆ ಕಾದು ನಿಂತಿದ್ದಿರಿ — ನನ್ನ ಮಾತಿನ ಮೇಲೆ.

ಆಮೇಲೆ ಒಂದು ರಿಕ್ಷಾ ಬಂತು. ನಡೆದು ಬರುತ್ತಿದ್ದ ನಿಮ್ಮನ್ನು ರಿಕ್ಷಾದವನು ದಾರಿಯಲ್ಲಿ ಹತ್ತಿಸಿಕೊಂಡಿದ್ದ. ನಮ್ಮವರು ಅಡ್ಡ ನಿಂತರು.

"ಏನು ಭಾವ, ನಮ್ಮವನಿಗೆ ಪೆಟ್ಟು ಬಿದ್ದದ್ದು ನಿನಗೆ ಬಾಡಿಗೆ ಹೊಡೀಲಿಕ್ಕಾ?"

"ಒಬ್ರೇ ಹೆಂಗಸು ಮಾರಾಯ್ರೆ, ಕೆಲಸಕ್ಕೆ ಹೋಗುವವರು. ಬಿಡಿ."

"ಒಬ್ಬರನ್ನು ಬಿಟ್ರೆ ಇಡೀ ಊರನ್ನೇ ಬಿಡ್ಬೇಕು. ಇಳಿಸ್ತೀಯಾ, ಟಯರಿನ ಗಾಳಿ ತೆಗೀಬೇಕಾ?"

ನೀವು ರಿಕ್ಷಾದಿಂದ ತಲೆ ಹೊರಗೆ ಹಾಕಿ ಎಲ್ಲರ ಮುಖ ನೋಡಿದಿರಿ. ನನ್ನನ್ನು ಕಂಡಿರಿ. ನಿಮ್ಮ ಮುಖದಲ್ಲಿ — ಅದನ್ನು ಹೇಗೆ ಬರೆಯಲಿ — ಜಾತ್ರೆಯ ಗದ್ದಲದಲ್ಲಿ ಮನೆಯವರು ಸಿಕ್ಕಿದ ಹಾಗೆ ಒಂದು ಸಮಾಧಾನ ಬಂತು.

"ವಸಂತ, ನೀವು ಒಂದು ಮಾತು ಹೇಳಿ ಇವರಿಗೆ."

ನಾನು ಫೋನನ್ನು ಕಿವಿಗೆ ಇಟ್ಟುಕೊಂಡು ಆ ಕಡೆ ತಿರುಗಿದೆ. ಫೋನಿನಲ್ಲಿ ಯಾರೂ ಇರಲಿಲ್ಲ.

ತಿರುಗಿ ನೋಡುವಾಗ ನೀವು ಇಳಿದಾಗಿತ್ತು. ನನ್ನ ಹತ್ತಿರವೇ ಬಂದಿರಿ. ಬೈಯುತ್ತೀರಿ ಎಂದುಕೊಂಡೆ. "ಪಾಪ, ನಿಮಗೂ ಬೆಳಿಗ್ಗೆಯೇ ಗೊತ್ತಾದದ್ದಾ?" ಎಂದು ಕೇಳಿದಿರಿ. "ಹೌದು ಅಕ್ಕ" ಎಂದೆ. ನೀವು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಹೆಗಲಿಗೆ ಏರಿಸಿ ನಡೆದಿರಿ. ಅಲ್ಲಿಂದ ಮೂಡುಬಿದಿರೆಗೆ ಎಷ್ಟು ದೂರವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಆರು ಸಲ ಆ ದಾರಿಯ ಸ್ಟಾಪುಗಳನ್ನು ಕೂಗುವವನು ನಾನು. ನಿಮ್ಮ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಆಮೇಲೆ ಯಾರೋ ಚಾ ಕೊಟ್ಟರು, ಕುಡಿದೆ.

ನೀವು ಹಾಸ್ಟೆಲಿಗೆ ಮುಟ್ಟುವಾಗ ಒಂಬತ್ತೂವರೆ. ಮಕ್ಕಳು ಬೇಕರಿಯ ಬ್ರೆಡ್ ತಿಂದು ಪರೀಕ್ಷೆಗೆ ಹೋಗಿದ್ದರು, ರಮ್ಯಾ ಕೂಡ.

ಇಷ್ಟು ನಿಮಗೆ ಅರ್ಧಂಬರ್ಧ ಗೊತ್ತು. ಗೊತ್ತಿಲ್ಲದ್ದು ಇನ್ನು ಮೇಲೆ.

ಮೂರನೆಯ ದಿನ ಬಸ್ಸುಗಳು ಶುರುವಾದವು. ಹಾಸ್ಟೆಲಿನ ಮ್ಯಾನೇಜರ್ ಸ್ಟ್ಯಾಂಡಿಗೆ ನನ್ನನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಮನುಷ್ಯ, ನ್ಯಾಯ ನೋಡಲೆಂದೇ ಬಂದವರು. "ಬಸ್ ಉಂಟು ಅಂತ ಕಂಡಕ್ಟರೇ ಹೇಳಿದ್ದು, ಇಲ್ಲದಿದ್ರೆ ನಾನು ಇಲ್ಲೇ ಉಳಿಯುತ್ತಿದ್ದೆ ಅಂತ ಗುಲಾಬಿ ಹೇಳ್ತಾರೆ. ಹೌದಾ? ಹೌದಾದ್ರೆ ಅವರ ತಪ್ಪಿಲ್ಲ, ಕೆಲಸಕ್ಕೆ ಇಟ್ಟುಕೊಳ್ತೇವೆ."

ಎರಡು ಮಾರು ದೂರದಲ್ಲಿ ನಮ್ಮ ಬಸ್ಸಿನ ಧಣಿಯ ಚೆಕ್ಕಿಂಗಿನವನು ನಿಂತಿದ್ದ. ಮುಷ್ಕರ ಮೊದಲೇ ಯಾರಿಗೆ ಗೊತ್ತಿತ್ತು ಎಂದು ಧಣಿ ಹುಡುಕಿಸುತ್ತಿದ್ದರು. ಆ ಬೆಳಿಗ್ಗೆಯೇ ಇಬ್ಬರನ್ನು ಕೆಲಸದಿಂದ ಇಳಿಸಿದ್ದರು. ಹೌದು, ಹೇಳಿದ್ದೆ, ನನಗೂ ಗೊತ್ತಿರಲಿಲ್ಲ — ಹೀಗೆ ಅರ್ಧ ಸುಳ್ಳು ಹೇಳಿದ್ದರೂ ನಿಮ್ಮ ಕೆಲಸ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಇಷ್ಟು ಮಾತು ಬಲ್ಲ ನನಗೆ ಆಗ ಅದೊಂದು —

"ಇಲ್ಲ ಸರ್. ಅವರು ನನ್ನ ಹತ್ತಿರ ಕೇಳಿದ್ದೇ ಇಲ್ಲ."

"ಹಾಗಾದ್ರೆ ಆ ಹೆಂಗಸು ಸುಳ್ಳು ಹೇಳಿದ್ದಾ?"

ನಾನು ಕೈಯಲ್ಲಿದ್ದ ಟಿಕೆಟ್ ಪುಸ್ತಕ ತಿರುವತೊಡಗಿದೆ. ಅವರು ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು ಗುಲಾಬಕ್ಕ. ಆಮೇಲೆ ತಲೆ ಅಲ್ಲಾಡಿಸುತ್ತಾ ಹೋದರು.

ನಿಮ್ಮನ್ನು ತೆಗೆದದ್ದು ತಡವಾದದ್ದಕ್ಕಲ್ಲ. ಸುಳ್ಳು ಹೇಳಿದಿರಿ ಎಂದು. ರಮ್ಯಾಳ ಮಂಚವೂ ಹೋಯಿತು. ಮುಂದಿನ ವರ್ಷವೆಲ್ಲ ಅವಳು ನಮ್ಮ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಓದುತ್ತಾ ಹೋದಳು. ಕೆಲವು ದಿನ ಯಾರನ್ನಾದರೂ ಎಬ್ಬಿಸಿ ಅವಳಿಗೆ ಸೀಟು ಕೊಡುತ್ತಿದ್ದೆ. ನೋಡಿದವರು ನನ್ನನ್ನು ಹೊಗಳಿದರು. ಹೊಗಳಿಸಿಕೊಂಡೆ. ಇನ್ನೂರು ಮಕ್ಕಳಿಗೆ ದೋಸೆ ಹೊಯ್ದ ಕೈ ನಿಮ್ಮದು, ಇವತ್ತು ಒಂದು ಕ್ಯಾಂಟೀನಿನ ಹಿಂದೆ ಕೂತು ಬೇರೆಯವರು ಅಡುಗೆ ಮಾಡಿದ ಪಾತ್ರೆ ತೊಳೆಯುತ್ತದೆ.

ಹೇಗೋ ದಿನ ಹೋಗುತ್ತಿತ್ತು. ಆದರೆ ಹೋದ ವಾರ ನೀವು ಪಕ್ಕದ ಸೀಟಿನ ಹೆಂಗಸಿಗೆ ಆ ಹಳೆಯ ಕತೆ ಹೇಳುತ್ತಿದ್ದಿರಿ. ನಾನು ಹಿಂದೆಯೇ ಇದ್ದೆ. "ಕಂಡಕ್ಟರನ್ನು ವಿಚಾರಿಸಿದ್ದೇವೆ ಅಂದ್ರು ಮಾರಾಯ್ತಿ ಆ ಹಾಸ್ಟೆಲಿನ ಮ್ಯಾನೇಜರ್. ಸುಳ್ಳು! ಈ ವಸಂತನ ಹತ್ತಿರ ಕೇಳಿದ್ರೆ ಇವರು ಹೇಳ್ತಿರಲಿಲ್ವಾ?" ಎಂದು ನನ್ನ ಕಡೆ ಕೈ ತೋರಿಸಿದಿರಿ. "ಅಲ್ವಾ ವಸಂತ?"

ಬಸ್ಸಿನವರೆಲ್ಲ ನನ್ನನ್ನು ನೋಡಿದರು. ನಾನು ಟಿಕೆಟ್ ಟಿಕೆಟ್ ಎನ್ನುತ್ತಾ ಮುಂದೆ ಹೋದೆ. ಟಿಕೆಟ್ ಆಗದವರು ಯಾರೂ ಉಳಿದಿರಲಿಲ್ಲ.

ಏಳು ವರ್ಷದಿಂದ ನೀವು ಒಬ್ಬ ಒಳ್ಳೆಯ ಮನುಷ್ಯನನ್ನು ಸುಳ್ಳುಗಾರ ಎನ್ನುತ್ತಿದ್ದೀರಿ, ನನ್ನ ಸಲುವಾಗಿ. ಅವರೂ ನಿಮ್ಮನ್ನು ಹಾಗೆಯೇ ತಿಳಿದಿದ್ದಾರೆ. ನಡುವೆ ನಿಂತು ಎರಡೂ ಕಡೆ ನಂಬಿಸಿದವನು ನಾನು.

ಹೆಂಡತಿ ಮಕ್ಕಳ ಮುಖ ನೆನಪಾಯಿತು, ಹೆದರಿದೆ ಎಂದೆಲ್ಲ ಬರೆಯಬಹುದು. ಬರೆಯುವುದಿಲ್ಲ. ನಿಮಗೂ ಮಗಳಿದ್ದಳು.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ಕೈಯಲ್ಲಿ ಕೊಟ್ಟು ಓಡುವುದಿಲ್ಲ, ಕೂತು ಓದಿ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಅಂಗಳದಲ್ಲಿ ನಿಂತು ಹೇಳುತ್ತೇನೆ, ರಮ್ಯಾಳಿಗೂ ಕೇಳಿಸಲಿ. ಸೋಮವಾರ ಹಾಸ್ಟೆಲಿಗೆ ಹೋಗುತ್ತೇನೆ. ಆ ಮ್ಯಾನೇಜರ್ ಈಗಲೂ ಅಲ್ಲೇ ಇದ್ದಾರೆಂದು ವಿಚಾರಿಸಿ ತಿಳಿದಿದ್ದೇನೆ. ಕೆಲಸ ಸಿಗುವುದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಗುಲಾಬಿ ಅಂದು ಹೇಳಿದ್ದು ನಿಜ ಎಂದು ಅವರ ಎದುರು ಹೇಳುವುದು ಮಾತ್ರ ನನ್ನ ಕೈಯಲ್ಲಿದೆ. ಧಣಿಯ ಕಿವಿಗೆ ಬಿದ್ದರೂ ಹೇಳುತ್ತೇನೆ. ಮಂಗಳವಾರದ ಮೊದಲ ಟ್ರಿಪ್ಪಿನಲ್ಲಿ ನಾನಿಲ್ಲದಿದ್ದರೆ, ಯಾಕೆಂದು ಕೇಳಿದವರಿಗೆ ನೀವೇ ಹೇಳಿ ಅಕ್ಕ. ಏನನ್ನೂ ಕಡಿಮೆ ಮಾಡದೆ ಹೇಳಿ.